ಹರಿಗೋಲಿನಲ್ಲಿ ಒಂದು ಹಗಲು

ಕಲಬುರ್ಗಿ ಸೀಮೆಯೆಂದೊಡನೆ ದೂರದವರ ಕಣ್ಣಿಗೆ ಕಟ್ಟುವುದು ತೊಗರಿ, ಬಿಸಿಲು, ಕಲ್ಲು ಈ ಮೂರೇ. ರಾವೂರ, ವಾಡಿ, ಶಹಾಬಾದಗಳ ಸುತ್ತಿನಲ್ಲಿ ನಿಂತು ನೋಡಿದರೆ ಆ ಭಾವನೆಯನ್ನು ತಿದ್ದುವಂಥ ಸಾಕ್ಷ್ಯವೇನೂ ಥಟ್ಟನೆ ದೊರೆಯದು. ನೆಲವನ್ನು ಸ್ವಲ್ಪ ಕೆದರಿದರೆ ಫರಸಿ ಕಲ್ಲು. ಮನೆಯ ನೆಲಕ್ಕೆ ಅದೇ, ಗೋಡೆಗೆ ಅದೇ, ಹಳೆಯ ಮನೆಗಳ ಮಾಳಿಗೆಗೂ ಅದೇ. ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆಯ ನೀರು ನಿಂತು ಹಸುರಾಗಿರುತ್ತದೆ. ದೂರದಿಂದ ನೋಡಿದವರಿಗೆ ಕೆರೆಯೆಂಬ ಭ್ರಾಂತಿ. ಆದರೆ ಆ ಗುಂಡಿಗಳಿಗೆ ತೀರವೆಂಬುದಿಲ್ಲ. ಅಂಚಿನಲ್ಲಿ ಕಾಲಿಟ್ಟರೆ ಆಳಕ್ಕೇ ಕಾಲಿಟ್ಟಂತೆ. ದಡವಿಲ್ಲದ ನೀರಿಗೆ ಬಳಕೆಯಿಲ್ಲ, ಬಳಕೆಯಿಲ್ಲದ ನೀರಿಗೆ ಕಥೆಯಿಲ್ಲ. ಇಂಥ ಊರುಗಳ ನಡುವೆ ದೋಣಿ, ಗಾಳ, ಬಲೆ ಎಂಬ ಮಾತನ್ನೆತ್ತಿದರೆ ನಮ್ಮ ಕಾಲೇಜಿನ ಹುಡುಗರೇ ನಕ್ಕಾರು.

ನಗುವವರು ಕಾಗಿಣೆಯನ್ನು ಮರೆತಿದ್ದಾರೆಂದು ಅರ್ಥ. ತೆಲಂಗಾಣದ ತಾಂಡೂರಿನ ಕಡೆಯಿಂದ ಕಾಗ್ನಾ ಎಂಬ ಹೆಸರಿನಲ್ಲಿ ಇಳಿದುಬಂದು, ಮುಲ್ಲಾಮಾರಿ, ಕಮಲಾವತಿ, ಬೆಣ್ಣೆತೊರೆಗಳನ್ನು ಕೂಡಿಸಿಕೊಂಡು, ಮಳಖೇಡದ ಕೋಟೆಯ ಮಗ್ಗುಲನ್ನು ಹಾದು, ದಂಡೋತಿಯನ್ನು ದಾಟಿ, ಶಹಾಬಾದದ ಬಳಿಯ ಹೊನಗುಂಟೆಯಲ್ಲಿ ಭೀಮೆಯನ್ನು ಸೇರುವ ನದಿ ಇದು. ಬೆಣ್ಣೆತೊರೆ ಎಂಬ ಹೆಸರನ್ನು ಯಾರು ಇಟ್ಟರೋ, ಅವರು ಕವಿಯಲ್ಲದಿದ್ದರೆ ಕವಿಗಳು ಇನ್ನಾರು? ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ ಈ ಕಾಗಿಣೆಯ ದಡದ ಊರು. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗದಂಥ ಗ್ರಂಥವನ್ನು ಕಂಡ ಆಸ್ಥಾನದವರು ಕುಡಿದದ್ದು ಇದೇ ನೀರು. ಮಳೆಗಾಲದಲ್ಲಿ ದಂಡೋತಿಯ ಸೇತುವೆ ಮುಳುಗಿತೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಮಾತ್ರ ನಮಗೆ ಈ ನದಿಯ ನೆನಪಾಗುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮೆಯೂ ಕಾಗಿಣೆಯೂ ಒಟ್ಟಿಗೇ ಉಕ್ಕಿದಾಗಲಂತೂ ನೆನಪು ಮಾಡಿಕೊಡುವ ಅಗತ್ಯವೇ ಇರಲಿಲ್ಲ. ನೆರೆ ಇಳಿದ ಮೇಲೆ, ಕಾರ್ತಿಕ ಮುಗಿದು ತೊಗರಿ ಹೂಬಿಟ್ಟ ದಿನಗಳಲ್ಲಿ, ಮಡುವುಗಳಲ್ಲಿ ತಿಳಿಯಾಗಿ ನಿಲ್ಲುವ ಕಾಗಿಣೆಯನ್ನು ನೋಡಲು ಹೋಗುವವರು ವಿರಳ. ಮೀನಿನವರು ಮಾತ್ರ ಹೋಗುತ್ತಾರೆ. ಕಳೆದ ಮಾರ್ಗಶಿರದಲ್ಲಿ ಅವರೊಬ್ಬರ ಜೊತೆಗೆ ನಾನೂ ಒಂದು ಹಗಲು ಹೋಗಿದ್ದೆ.

ಅವರನ್ನು ಊರೆಲ್ಲ ಕರೆಯುವಂತೆ ನಾನೂ ಮುತ್ಯಾ ಎಂದೇ ಕರೆಯುತ್ತೇನೆ. ಎಪ್ಪತ್ತು ದಾಟಿದ ಜೀವ, ಅಂಬಿಗರ ಮನೆತನ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನೆಂಬ ಶರಣ ತನ್ನ ವೃತ್ತಿಯ ಹೆಸರನ್ನೇ ತನ್ನ ಅಂಕಿತವಾಗಿಸಿಕೊಂಡು ವಚನ ನುಡಿದದ್ದನ್ನು ಪಾಠ ಹೇಳುವಾಗ, ಹುಟ್ಟು ಹಾಕುವ ಕೈ ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆಂಬ ಆಸೆ ನನಗೆ ಬಹುಕಾಲದಿಂದ ಇತ್ತು. ಮುತ್ಯಾನ ಕೈಯ ಅಂಗಾಲಿನಂಥ ಚರ್ಮವನ್ನು ನೋಡಿದ ಮೇಲೆ ಚೌಡಯ್ಯನ ಮಾತಿನ ಒರಟುತನಕ್ಕೆ ಬೇರೆ ಟೀಕೆ ಬೇಕೆನಿಸಲಿಲ್ಲ.

ನಮ್ಮ ವಾಹನ ಹರಿಗೋಲು. ಈ ಸೀಮೆಯ ಬಾಯಲ್ಲಿ ಹರಗೋಲ. ತಮಿಳರು ಪರಿಸಲ್ ಎನ್ನುತ್ತಾರೆ. ಪಕಾರ ಹಕಾರವಾದ ಕಥೆಯನ್ನು ಬಲ್ಲವರಿಗೆ ಇವೆರಡೂ ಒಂದೇ ಮನೆಯ ಮಕ್ಕಳೆಂದು ಕಿವಿಯೇ ಹೇಳೀತು. ಬಿದಿರಿನ ಸೀಳುಗಳನ್ನು ಅಡ್ಡಡ್ಡ ಉದ್ದುದ್ದ ಹೆಣೆದು, ಅಗಲವಾದ ಬುಟ್ಟಿಯಂತೆ ಬಾಗಿಸಿ, ಅಂಚಿಗೆ ದಪ್ಪ ಬಿದಿರಿನ ಬಳೆ ಕಟ್ಟಿ, ಹೊರಮೈಗೆ ಹೊದಿಕೆ ಹೊದಿಸಿದರೆ ಹರಿಗೋಲಾಯಿತು. ಹಿಂದೆ ಆ ಹೊದಿಕೆ ಎಮ್ಮೆಯ ತೊಗಲು. ಈಗ ಗೊಬ್ಬರದ ಚೀಲಗಳನ್ನು ಹೊಲಿದು ಅದರ ಮೇಲೆ ಡಾಂಬರು ಬಳಿಯುತ್ತಾರೆ. ಮೊಳೆಯಿಲ್ಲ, ಹಲಗೆಯಿಲ್ಲ, ಮುಖ್ಯವಾಗಿ, ಮುಂದು ಹಿಂದು ಎಂಬುದೇ ಇಲ್ಲ. ನೀರಿನೊಳಕ್ಕೆ ಗೇಣಿನಷ್ಟೂ ಇಳಿಯದ ಕಾರಣ ಹಾಸುಗಲ್ಲಿನ ಮೇಲೂ ತೇಲಿಹೋದೀತು. ಕಾಗಿಣೆಯಂಥ ಕಲ್ಲುಪಾತ್ರದ ನದಿಗೆ ಕೀಲು ಹಲಗೆಗಳ ದೋಣಿ ಹೊಂದದು. ಮೊದಲ ಬಂಡೆಗೇ ಅದರ ಆಯುಷ್ಯ ಮುಗಿದೀತು. ದಡ ಮುಟ್ಟಿದ ಮೇಲೆ ಒಬ್ಬ ಮನುಷ್ಯ ಅದನ್ನು ಬೆನ್ನ ಮೇಲೆ ಹೊತ್ತುಕೊಂಡು ಆಮೆಯಂತೆ ಮನೆಗೆ ನಡೆಯಬಹುದು.

ಈ ಬುಟ್ಟಿದೋಣಿಯನ್ನು ನೋಡಿ ಬೆರಗಾದವರಲ್ಲಿ ನಾನು ಮೊದಲಿಗನಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ವರ್ತಕ ದೊಮಿಂಗೊ ಪಾಯೆಸ್, ತುಂಗಭದ್ರೆಯನ್ನು ದಾಟಿಸುವ ಈ ದೋಣಿಗಳನ್ನು ಕಂಡು, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ, ಆದರೆ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತವೆ ಎಂಬರ್ಥದಲ್ಲಿ ಬರೆದಿಟ್ಟ. ಅವನಿಗಿಂತ ಎರಡು ಸಾವಿರ ವರ್ಷಗಳ ಹಿಂದೆ ಗ್ರೀಕರ ಹೆರೊಡೋಟಸ್ ಬಾಬಿಲೋನಿನಲ್ಲಿ ಗುರಾಣಿಯಂತೆ ದುಂಡಾದ ತೊಗಲಿನ ದೋಣಿಗಳನ್ನು ಕಂಡಿದ್ದ. ಹೊಳೆಯ ಇಳಿಜಾರಿನಲ್ಲಿ ಸರಕು ತುಂಬಿ ಬರುವವರು ಜೊತೆಗೊಂದು ಕತ್ತೆಯನ್ನೂ ಹತ್ತಿಸಿಕೊಳ್ಳುತ್ತಿದ್ದರಂತೆ. ಊರು ಮುಟ್ಟಿದ ಮೇಲೆ ಸರಕನ್ನೂ ದೋಣಿಯ ಕಟ್ಟನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿ, ಕಾಲುದಾರಿಯಲ್ಲಿ ಹಿಂದಿರುಗುತ್ತಿದ್ದರಂತೆ. ವೇಲ್ಸ್ ದೇಶದ ಹೊಳೆಗಳಲ್ಲೂ ಇದರ ದಾಯಾದಿಯೊಂದುಂಟು. ಯಾರು ಯಾರಿಂದ ಕಲಿತರೆಂಬ ಪ್ರಶ್ನೆಯೇ ವ್ಯರ್ಥವೆಂದು ನನ್ನ ಎಣಿಕೆ. ಕಲ್ಲಿನ ಹೊಳೆ, ಬುಟ್ಟಿ ಹೆಣೆಯುವ ಕೈ, ಸತ್ತ ದನದ ತೊಗಲು ಇರುವಲ್ಲೆಲ್ಲ ಈ ಬುದ್ಧಿ ತಾನಾಗಿ ಹುಟ್ಟೀತು.

ಬೆಳಗಿನ ಜಾವದ ಮಂಜು ನೀರಿನ ಮೇಲಿನ್ನೂ ಕುಳಿತಿರುವಾಗಲೇ ನಾವು ಇಳಿದೆವು. "ಸರ, ನಡಬರಕ ಕುಂಡ್ರಿ. ಅಂಚಿಗಿ ಭಾರ ಹಾಕಬ್ಯಾಡ್ರಿ" ಎಂದರು ಮುತ್ಯಾ. ನಾನು ಕುಳಿತ ಕೂಡಲೇ ಲೋಕವೆಲ್ಲ ಒಂದು ಸುತ್ತು ತಿರುಗಿ ಮತ್ತೆ ಸ್ಥಿರವಾಯಿತು. ಅವರು ಅಂಚಿನ ಬಳಿ ಮೊಣಕಾಲೂರಿ, ಹುಟ್ಟನ್ನು ತಮ್ಮ ಮುಂದೆಯೇ ನೀರಿಗಿಳಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳಸಿ ತಮ್ಮತ್ತ ಎಳೆದುಕೊಳ್ಳುತ್ತಿದ್ದರು. ದೋಣಿಯನ್ನು ನೂಕುವುದಲ್ಲ, ನೀರನ್ನು ಕರೆಯುವುದು ಎನ್ನುವಂತಿತ್ತು ಆ ಕೈಯ ನಡೆ. ಇದಕ್ಕೆ ಮುಂಭಾಗ ಯಾವುದು ಎಂದು ಕೇಳಿದೆ. "ಹರಗೋಲಕ ಮುಖ ಇಲ್ರಿ, ಬೆನ್ನೂ ಇಲ್ಲ. ನಾ ಎಲ್ಲಿ ಕುಂತೀನಿ ಅದೇ ಅದರ ಮುಖ" ಎಂದರು. ಪಾಯೆಸನಿಗೆ ಈ ಉತ್ತರ ದೊರೆತಿದ್ದರೆ, ಸುತ್ತುತ್ತಲೇ ಇರುತ್ತವೆ ಎಂಬ ಅವನ ಆಕ್ಷೇಪವನ್ನು ಹೊಡೆದುಹಾಕುತ್ತಿದ್ದನೇನೋ.

ಹಿಂದಿನ ಸಂಜೆ ಇಳಿಬಿಟ್ಟಿದ್ದ ಉದ್ದದ ಹಗ್ಗವನ್ನು ಮೊದಲು ಎತ್ತಿದೆವು. ಹಗ್ಗಕ್ಕೆ ಮಾರಿಗೊಂದರಂತೆ ದಾರ, ದಾರದ ತುದಿಗೆ ಗಾಳ, ಗಾಳಕ್ಕೆ ಎರೆಹುಳು ಅಥವಾ ಸಣ್ಣ ಮೀನು. ಹದಿನಾರು ಗಾಳಗಳಲ್ಲಿ ಹನ್ನೊಂದು ಬರಿದು. ಮೂರರಲ್ಲಿ ಎರೆ ಮಾತ್ರ ಮಾಯ. ಒಂದರಲ್ಲಿ ಏಡಿ. ಇನ್ನೊಂದರಲ್ಲಿ ಚೇಳುಮೀನು, ಅದರ ಪಕ್ಕದ ಮುಳ್ಳಿನಲ್ಲಿ ವಿಷವಿರುವುದರಿಂದ ಮುತ್ಯಾ ಅದನ್ನು ಬಟ್ಟೆಯಲ್ಲಿ ಹಿಡಿದೇ ಬಿಡಿಸಿದರು. ಬಳಿಕ ಜೊಂಡಿನ ಅಂಚಿಗೆ ಹೋಗಿ ನಿಂತೆವು. ಇನ್ನು ಮಾತಿಲ್ಲ. ಕಾಯುವುದೊಂದೇ ಕೆಲಸ. ಅರ್ಧ ಗಂಟೆಯ ಮೇಲೆ, ಹತ್ತು ಮಾರು ದೂರದಲ್ಲಿ, ನೀರಿನ ಮೈಯಲ್ಲಿ ಯಾರೋ ಬಾಯಿ ಚಪ್ಪರಿಸಿದಂತೆ ಒಂದು ಸದ್ದು. ಮುತ್ಯಾ ಬೆರಳೆತ್ತಿ ತೋರಿಸಿದರು.

ಅದು ಕುಚ್ಚುಮೀನು. ಹಳೆಯ ಮೈಸೂರಿನವರು ಕೊರವ ಎಂದೂ ಅನ್ನುತ್ತಾರೆ; ತೆಲುಗು ಗಡಿಯಲ್ಲಿ ಕೊರಮೀನು; ಹೈದರಾಬಾದಿನ ಪೇಟೆಗೆ ಹೋದರೆ ಅದೇ ಮರಲ್. ಹಾವಿನಂಥ ತಲೆ, ಕಂಬದಂಥ ಮೈ. ಕಿವಿರಿನಿಂದ ಮಾತ್ರ ಅದಕ್ಕೆ ಉಸಿರು ಸಾಲದು. ತಲೆಯೊಳಗೆ ಗಾಳಿ ಹಿಡಿಯುವ ಬೇರೊಂದು ಅಂಗ ಉಂಟು. ಆದ್ದರಿಂದ ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಕೆಸರಿನಲ್ಲೂ ಅದು ಬದುಕಿ ಉಳಿಯುವುದು ಈ ಗುಣದಿಂದ. ಸಿಕ್ಕಿಬೀಳುವುದೂ ಈ ಗುಣದಿಂದಲೇ. "ಉಸರ ತಗೊಳಾಕ ಮ್ಯಾಲ ಬರ್ತದ್ರಿ. ಒಂದ ಸಲ ಬಂದಲ್ಲೇ ಮತ್ತ ಬರ್ತದ" ಎಂದು ಪಿಸುಗುಟ್ಟಿದ ಮುತ್ಯಾ, ಗಾಳಕ್ಕೆ ಸಣ್ಣ ಕಪ್ಪೆಯೊಂದನ್ನು ಸಿಕ್ಕಿಸಿ, ಕೋಲನ್ನು ನಿಧಾನವಾಗಿ ಚಾಚಿ, ಜೊಂಡಿನ ನೆರಳಿನಲ್ಲಿ ಇಳಿಸಿದರು. ಎರಡು ಮೂರು ಸಲ ಕಪ್ಪೆ ಕುಣಿಯಿತು. ನಾಲ್ಕನೆಯ ಸಲ ಕುಣಿಯಲಿಲ್ಲ. ಮುಂದಿನ ಐದು ನಿಮಿಷ ಮೀನು ಎಳೆದ ಕಡೆಗೆ ಹರಿಗೋಲು ಹೋಯಿತು, ಹರಿಗೋಲು ಹೋದ ಕಡೆಗೆ ನಾವು ಹೋದೆವು. ಮುಖವಿಲ್ಲದ ದೋಣಿಯ ಲಾಭ ಅಲ್ಲಿ ತಿಳಿಯಿತು: ಎತ್ತ ಎಳೆದರೂ ಅದು ಎದುರಾಡುವುದಿಲ್ಲ, ಆದ್ದರಿಂದ ದಾರ ಹರಿಯುವುದಿಲ್ಲ. ಬಂದದ್ದು ಮೊಳದುದ್ದದ ಮೀನು.

ಅದನ್ನು ಬುಟ್ಟಿಗೆ ಹಾಕಿ ನೀರೆರಚುತ್ತ ಮುತ್ಯಾ ಹೇಳಿದ ಸಂಗತಿಯೊಂದನ್ನು ಇಲ್ಲಿ ಬರೆಯಬೇಕು. ಮಳೆಗಾಲದಲ್ಲಿ ಕುಚ್ಚು ಮರಿ ಮಾಡುತ್ತದೆ. ನೂರಾರು ಕೆಂಪು ಮರಿಗಳು ಒಂದು ಚೆಂಡಿನಂತೆ ಒತ್ತಾಗಿ ಮೇಲ್ನೀರಿನಲ್ಲಿ ಸುಳಿದಾಡುತ್ತವೆ. ಕೆಳಗೆ ತಂದೆ ತಾಯಿ ಕಾವಲು. ಆ ಚೆಂಡಿನ ನಡುವೆ ಏನೇ ಬೀಳಲಿ, ಕಾವಲಿನ ಮೀನು ಎರಗಿ ಕಚ್ಚುತ್ತದೆ. ಇದು ತಿಳಿದ ಹೊಸಬರು ಮರಿಗಳ ನಡುವಿಗೇ ಗಾಳ ಎಸೆಯುತ್ತಾರಂತೆ. "ಮರಿ ಕಾಯೋ ತಾಯಿಗಿ ಹಸಿವು ಇರಂಗಿಲ್ರಿ, ಸಿಟ್ಟು ಇರ್ತದ. ಸಿಟ್ಟಿಗಿ ಕಚ್ಚತದ. ಅದನ ಹಿಡಿಯೋದು ಬ್ಯಾಟಿ ಅಲ್ರಿ." ತಾಯಿ ಹೋದರೆ ಆ ಚೆಂಡು ಒಂದು ದಿನವೂ ಉಳಿಯದೆಂಬುದು ಅವರ ಅನುಭವ. ಇದು ಅವರ ಮನೆಯ ಕಟ್ಟಳೆ, ಎಲ್ಲಿಯೂ ಬರೆದಿಟ್ಟಿಲ್ಲ.

ಬರೆದಿಟ್ಟ ಕಟ್ಟಳೆಗಳೂ ಈ ಸೀಮೆಗೆ ಹೊಸವಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ, ಭೀಮೆಯ ದಂಡೆಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, 1980ರ ದಶಕದಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದುದನ್ನು ಓದುಗರು ಬಲ್ಲರು. ಆ ಕಲ್ಲಿನಲ್ಲಿ ಮೀನಿನ ಮಾತಿಲ್ಲ. ಆದರೆ ಅದೇ ಅರಸ ಉತ್ತರದ ತನ್ನ ಐದನೆಯ ಸ್ತಂಭಶಾಸನದಲ್ಲಿ, ಚಾತುರ್ಮಾಸದ ಹುಣ್ಣಿಮೆಗಳಲ್ಲಿಯೂ ಉಪವಾಸದ ದಿನಗಳಲ್ಲಿಯೂ ಮೀನನ್ನು ಕೊಲ್ಲಕೂಡದು, ಮಾರಲೂ ಕೂಡದು ಎಂದು ವಿಧಿಸಿದ್ದಾನೆ. ಶ್ರಾವಣ ಬಂದರೆ ಇಂದಿಗೂ ನಮ್ಮ ಪೇಟೆಗಳಲ್ಲಿ ಮೀನು ಕೊಳ್ಳುವವರು ಕಡಿಮೆ. ಅಶೋಕನ ಆಜ್ಞೆಗೂ ಇದಕ್ಕೂ ಗಂಟು ಹಾಕುವ ಸಾಹಸ ನನ್ನದಲ್ಲ; ಮೀನು ಮರಿಮಾಡುವ ಕಾಲ ಮಳೆಗಾಲವೆಂಬುದನ್ನಷ್ಟೇ ನೆನಪಿಸುತ್ತೇನೆ.

ಹೊತ್ತು ಏರಿದ ಮೇಲೆ ಮೀನು ಆಳಕ್ಕಿಳಿಯಿತು. ನಾವು ಒಂದು ಮತ್ತಿಮರದ ನೆರಳಿಗೆ ಹರಿಗೋಲನ್ನು ತಂದು, ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ ಬಿಚ್ಚಿದೆವು. ನನ್ನ ಚೀಲದಲ್ಲಿ ಮಾನಸೋಲ್ಲಾಸದ ಟಿಪ್ಪಣಿಗಳಿದ್ದವು. ಅವನ್ನು ಅಲ್ಲಿಗೆ ಕೊಂಡೊಯ್ದದ್ದಕ್ಕೆ ಕಾರಣವುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ರಚಿಸಿದ ಆ ಸಂಸ್ಕೃತ ಗ್ರಂಥದಲ್ಲಿ ಅರಸನ ವಿನೋದಗಳ ನಡುವೆ ಮತ್ಸ್ಯವಿನೋದವೆಂಬ ಪ್ರಕರಣವೊಂದಿದೆ. ಬರೋಡೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಗ್ರಂಥ ಮೂರು ಸಂಪುಟಗಳಾಗಿ 1925ರಿಂದ 1961ರವರೆಗೆ ಅಚ್ಚಾಯಿತು. ಭಾರತದ ಪ್ರಾಣಿಶಾಸ್ತ್ರ ಸರ್ವೇಕ್ಷಣೆಯ ಮುಖ್ಯಸ್ಥರಾಗಿದ್ದ ಮತ್ಸ್ಯವಿಜ್ಞಾನಿ ಸುಂದರಲಾಲ ಹೋರಾ ಅವರು 1951ರಲ್ಲಿ ಆ ಪ್ರಕರಣದ ಮೇಲೆ ಪ್ರಬಂಧ ಬರೆದು ಲೋಕದ ಗಮನಕ್ಕೆ ತಂದರು. ಮೀನುಗಳನ್ನು ಕಡಲಿನವು ಹೊಳೆಯವು, ಪೊರೆಯುಳ್ಳವು ಇಲ್ಲದವು, ಹಿರಿಯವು ಕಿರಿಯವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ತಿನಿಸು, ದಾರ ಎಂಥದು, ಕೋಲು ಎಂಥದು, ಗಾಳ ಕಚ್ಚಿದ ಮೀನನ್ನು ಹೇಗೆ ದಣಿಸಬೇಕು ಎಂಬುದನ್ನೆಲ್ಲ ಅರಸ ಹೇಳುತ್ತಾನೆ. ಇಂಗ್ಲಿಷರಲ್ಲಿ ಗಾಳದ ಮೇಲೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ; ಅವರು ತಲೆಯ ಮೇಲೆ ಹೊತ್ತು ಮೆರೆಯುವ ಐಸಾಕ್ ವಾಲ್ಟನ್ನನ ಗ್ರಂಥ 1653ರದು. ನಮ್ಮ ಬಸವಕಲ್ಯಾಣದಲ್ಲಿ ಕುಳಿತವನು ಅವರಿಗಿಂತ ಮೂರೂವರೆ ಶತಮಾನ ಮುಂಚಿನವನು. ಈ ಜಿಲ್ಲೆಗಳ ಎಷ್ಟು ಪದವೀಧರರಿಗೆ ಇದು ಗೊತ್ತು?

ಮುತ್ಯಾ ರೊಟ್ಟಿ ಮುರಿಯುತ್ತ ಗಮನವಿಟ್ಟು ಕೇಳಿದರು. ಹಿಡಿಯುವ ಮುನ್ನ ಕೆಲವು ದಿನ ಒಂದೇ ಜಾಗದಲ್ಲಿ ಉಂಡೆಗಳನ್ನು ಹಾಕಿ ಮೀನನ್ನು ರೂಢಿ ಮಾಡಿಸಬೇಕೆಂಬಲ್ಲಿ ತಲೆದೂಗಿದರು. ತಾವೂ ಗೆಂಡೆಗೆ ಹಿಟ್ಟಿನ ಉಂಡೆಯನ್ನು ಹಾಗೆಯೇ ಹಾಕುವುದುಂಟೆಂದರು. ಪಾಠೀನವೆಂಬ ಹೆಸರು ಬಂದಾಗ, ಅದು ಬಾಳೆಮೀನೆಂದು ಪಂಡಿತರ ಎಣಿಕೆ ಎಂದೆ. ಆ ಮಾತಿಗೆ ಅವರ ಮುಖ ಬದಲಾಯಿತು. "ಬಾಳಿ ಮೀನ ನೋಡಿ ಭಾಳ ವರ್ಷ ಆತ್ರಿ" ಎಂದರು.

ಕನ್ನಡ ಓದಿದವರಿಗೆ ಬಾಳೆಮೀನು ಅಪರಿಚಿತವಲ್ಲ. ಹಳಗನ್ನಡ ಕವಿಗಳು ಹೊಳೆಯುವ ಕಣ್ಣಿಗೆ ಅದನ್ನು ಹೋಲಿಸಿ ಹೋಲಿಸಿ ಸವೆಸಿದ್ದಾರೆ. ನಿಜವಾದ ಬಾಳೆಮೀನಿಗೆ ಕಣ್ಣೇ ಚಿಕ್ಕದು. ಬಾಯಿಯೋ ಕಣ್ಣನ್ನೂ ದಾಟಿ ಸೀಳಿರುತ್ತದೆ, ಹಲ್ಲು ಗರಗಸ. ಇರುಳಿನಲ್ಲಿ ಬೇಟೆಯಾಡುವ ಈ ಮೀನನ್ನು ಯಾವ ಹೆಣ್ಣಿನ ಎದುರಿಗೂ ತೋರಿಸಿ ಉಪಮಾನವೆನ್ನುವ ಧೈರ್ಯ ನನಗಿಲ್ಲ. ಕವಿಗಳು ಕಂಡದ್ದು ನೀರಿನಲ್ಲಿ ಒಂದು ಕ್ಷಣ ಮಿಂಚುವ ಅದರ ಬೆಳ್ಳಿಯ ಮೈಯನ್ನು ಎಂದು ಸಮಾಧಾನ ಹೇಳಿಕೊಳ್ಳಬೇಕು. ಈಗ ಆ ಮಿಂಚೂ ಅಪರೂಪ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಬಾಳೆಮೀನು ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಸಾಲಿಗೆ ಸೇರಿದೆ. ಮೀನು ಹೋದರೆ ಹೆಸರು ಕೋಶದಲ್ಲಿ ಉಳಿದೀತು. ಆದರೆ ಕೋಶದ ಒಳಗಿರುವ ಹೆಸರಿಗೂ ಹುಟ್ಟು ಹಿಡಿದವನ ಬಾಯಲ್ಲಿರುವ ಹೆಸರಿಗೂ ಇರುವ ಅಂತರವು ಒಣಮೀನಿಗೂ ಹಸಿಮೀನಿಗೂ ಇರುವಷ್ಟು.

ಬಾಳೆ ಹೋದ ಜಾಗ ಖಾಲಿ ಉಳಿದಿಲ್ಲ. ಮಧ್ಯಾಹ್ನದ ಮೇಲೆ ಬೀಸುಬಲೆ ಹರಡಿದಾಗ ಬಂದವುಗಳಲ್ಲಿ ಹೆಚ್ಚಿನವು ಕಾಟ್ಲಾ, ರೋಹು, ಕೆಲವು ಜಿಲೇಬಿ. ಮೊದಲೆರಡು ಗಂಗೆಯ ಬಯಲಿನ ಮೀನುಗಳು, ಕೊನೆಯದು ಆಫ್ರಿಕದ್ದು. ಗಂಗೆಯ ಗೆಂಡೆಗಳು ನಿಂತ ನೀರಿನಲ್ಲಿ ಮರಿಮಾಡುವುದಿಲ್ಲ. 1957ರಲ್ಲಿ ಹೀರಾಲಾಲ ಚೌಧರಿಯವರು ಒಡಿಶಾದಲ್ಲಿ, ಮೀನಿನ ಮಿದುಳಿನ ಕೆಳಗಿನ ಗ್ರಂಥಿಯ ಸಾರವನ್ನು ಚುಚ್ಚಿ, ಅವು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಆ ಒಂದು ಸೂಜಿಯಿಂದ ದೇಶದ ಕೆರೆ ಜಲಾಶಯಗಳ ಮೀನಿನ ಚರಿತ್ರೆಯೇ ಬದಲಾಯಿತು. ಬಡವರ ಗಂಗಾಳಕ್ಕೆ ಮೀನು ಬಂತು. ಇದನ್ನು ಹೀಗಳೆಯುವವನು ನಾನಲ್ಲ. ಮುತ್ಯಾ ಕೂಡ ಹೀಗಳೆಯಲಿಲ್ಲ. ಕಾಟ್ಲಾ ಇಲ್ಲದಿದ್ದರೆ ತಮ್ಮ ಮನೆಯ ಒಲೆ ಉರಿಯುತ್ತಿರಲಿಲ್ಲ ಎಂದರು. ಅವರಿಗೆ ಸಿಟ್ಟು ಬರುವುದು ಆಫ್ರಿಕದ ಮೀಸೆಮೀನಿನ ಮೇಲೆ. ಕಂಡದ್ದನ್ನೆಲ್ಲ ನುಂಗುವ ಆ ಮೀನಿನ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿಯೇ ನಿಷೇಧಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಹೊಂಡದಿಂದ ಹೊಳೆಗೆ ಜಾರಿದ ಮೀನು ಆದೇಶ ಓದುವುದಿಲ್ಲವಷ್ಟೆ.

ಇಳಿಹೊತ್ತಿಗೆ ದಡ ಮುಟ್ಟಿದಾಗ ಬುಟ್ಟಿಯಲ್ಲಿ ಎಂಟು ಸೇರಿನಷ್ಟು ಮೀನಿತ್ತು. ಕುಚ್ಚನ್ನು ಕೊಳ್ಳುವವನು ಅಲ್ಲಿಯೇ ಕಾದಿದ್ದ; ಜೀವಂತ ಕುಚ್ಚಿಗೆ ಬೆಲೆ ಹೆಚ್ಚು. ಸ್ವಲ್ಪ ದೂರದಲ್ಲಿ ಇಬ್ಬರು ಹುಡುಗರು ಥರ್ಮಾಕೋಲಿನ ತುಂಡುಗಳನ್ನು ಚೀಲದಲ್ಲಿ ಕಟ್ಟಿದ ತೆಪ್ಪವೊಂದನ್ನು ನೀರಿನಿಂದ ಎಳೆಯುತ್ತಿದ್ದರು. ಈಚೆಗೆ ಇಲ್ಲಿ ಅದೇ ಹೆಚ್ಚು. ಖರ್ಚಿಲ್ಲ, ಹೆಣೆಯುವ ಕಷ್ಟವಿಲ್ಲ, ಮುರಿದರೆ ದಂಡೆಯಲ್ಲಿ ಬಿಟ್ಟು ಬೇರೆ ಮಾಡಿಕೊಂಡರಾಯಿತು. ಆ ಬಿಳಿಯ ಚೂರುಗಳು ನೀರಿನ ಅಂಚಿನುದ್ದಕ್ಕೂ ಅಕ್ಕಿಯಂತೆ ಚೆಲ್ಲಿದ್ದವು. ಮುತ್ಯಾನ ಹರಿಗೋಲು ಆ ಓಣಿಯಲ್ಲಿ ಉಳಿದಿರುವ ಒಂದೇ ಹರಿಗೋಲು. ಮಗ ಕಲ್ಲಿನ ಪಾಲಿಶಿನ ಕೆಲಸಕ್ಕೆ ಹೋಗುತ್ತಾನೆ, ಮೊಮ್ಮಗ ಡಿಪ್ಲೊಮಾ ಓದುತ್ತಿದ್ದಾನೆ. ಅದರಲ್ಲಿ ದುಃಖಿಸುವಂಥದೇನೂ ಅವರಿಗೆ ಕಾಣಿಸಲಿಲ್ಲ. ಹುಡುಗ ಹುಟ್ಟು ಹಿಡಿಯಲಿ ಎಂದು ಬಯಸುವ ಅಧಿಕಾರ ಸಂಬಳ ಎಣಿಸುವ ನನಗೆ ಎಲ್ಲಿಂದ ಬರಬೇಕು?

ಹರಿಗೋಲನ್ನು ಬೋರಲು ಹಾಕಿ, ಡಾಂಬರು ಬಿಟ್ಟ ಕಡೆ ಬೆರಳಿನಿಂದ ಒತ್ತಿ ನೋಡುತ್ತ ಅವರು ಮತ್ತೆ ಸೋಮೇಶ್ವರನ ಮಾತಿಗೆ ಬಂದರು. "ರಾಜ ದಂಡಿಗಿ ಕುಂತು ಹಿಡದಾನ್ರಿ. ನೀರಾಗ ಇಳದಿದ್ರ ಇನ್ನೊಂದೀಟ ಬರೀತಿದ್ದ." ಆಮೇಲೆ ಕೇಳಿದರು: "ಅದರಾಗ ಹರಗೋಲ ಹ್ಯಾಂಗ ಕಟ್ಟಬೇಕಂತ ಬರದಾನೇನ್ರಿ?"

ಮತ್ಸ್ಯವಿನೋದದಲ್ಲಿ ಅದಿಲ್ಲವೆಂದೆ.

"ಹಂಗಾದ್ರ ನೀವ ಬರಕೋರಿ" ಎಂದು, ಎದುರಿನ ಕಲ್ಲಿನ ಮೇಲೆ ಕುಳಿತು ಬೀಡಿ ಹಚ್ಚಿಕೊಂಡು, ಬಿದಿರು ಯಾವ ತಿಂಗಳಲ್ಲಿ ಕಡಿಯಬೇಕೆಂಬಲ್ಲಿಂದ ಆರಂಭಿಸಿದರು. ನಾನು ಚೀಲದಿಂದ ನೋಟುಪುಸ್ತಕವನ್ನು ತೆಗೆದೆ.